ಕಿರುಚಲು ಬಾರದ ಪೇಷೆಂಟು

ತೇಜು, ಹಂಸಾ, ನಿಮ್ಮಜ್ಜಿ ನಾನು ಜೋರಾಗಿ ಮಾತನಾಡಿದ್ದನ್ನು ನೀವು ಕೇಳಿರಲಾರಿರಿ. ಕೇಳಿದವರು ಯಾರೂ ಇಲ್ಲ. ನನ್ನೂರಿನ ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗಿದಾಗ ನಾನು ಕೊಟ್ಟ ಉತ್ತರ ಅವರಿಗೆ ಕೇಳಿಸದೆ, ಎದುರಿಗೇ ಕೂತಿದ್ದರೂ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದರೂ ‘ನಿಲ್ಲಿಸಪ್ಪಾ’ ಎನ್ನಲು ನಾಚಿ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದಿದ್ದೇನೆ. ಅಂಥವಳಿಗೆ ನಿಮ್ಮಕ್ಕ ಭೂಮಿಕಾ ಬಂಡೆಯ ಮೇಲೆ ಮಲಗಿ ಕಿರುಚು ಎಂದಳು. ಅವಳು ಈ ಕಥೆ ಹೇಳಿದರೆ ನಗಿಸುವಷ್ಟನ್ನು ಹೇಳಿ, ಹೆಮ್ಮೆಪಡುವಷ್ಟನ್ನು ನುಂಗಿಬಿಡುತ್ತಾಳೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅವಳ ಫ್ಯಾಕ್ಟರಿಯ ಗೆಳೆಯರ ತಂಡವೊಂದು ಹಿಮಾಲಯಕ್ಕೆ ಹೊರಟಿತ್ತು. ರಸ್ತೆ ಮುಗಿದ ಮೇಲೂ ದಿನಗಟ್ಟಲೆ ನಡೆಯಬೇಕಾದ ಜಾಗವಂತೆ. ಆಸ್ಪತ್ರೆ ಇಲ್ಲ, ಫೋನೂ ಇಲ್ಲ. ಆದ್ದರಿಂದ ಔಷಧಿಯ ಚೀಲ ಹೊತ್ತು, ಎಲ್ಲರ ಆರೋಗ್ಯ ನೋಡಿಕೊಳ್ಳುವವರು ಒಬ್ಬರು ಬೇಕು. ತಂಡದಲ್ಲಿ ಖಾಲಿ ಉಳಿದಿದ್ದುದು ಆ ಒಂದೇ ಜಾಗ. ಅದಕ್ಕೆ ಪರೀಕ್ಷೆ. ಪಾಸಾದರೆ ಹಿಮಾಲಯ, ಫೇಲಾದರೆ ಆಂಡರ್ಸನ್‌ಪೇಟೆಯ ನಮ್ಮ ಮನೆಯೇ ಗತಿ.

ಆಮೇಲೆ ನಮ್ಮ ಮನೆ ಆಸ್ಪತ್ರೆಯಾದದ್ದು ನಿಮಗೂ ಗೊತ್ತು. ಮಂಚದ ತುಂಬ ಭೇದಿಯ ಮಾತ್ರೆ, ಎತ್ತರ ಹತ್ತಿದರೆ ಬರುವ ತಲೆನೋವಿನ ಮಾತ್ರೆ, ಕಾಲಿನ ಬೊಬ್ಬೆಗೆ ಅಂಟಿಸುವ ಪಟ್ಟಿ. ಪಟ್ಟಿ ಕಟ್ಟುವ ಅಭ್ಯಾಸಕ್ಕೆಂದು ಭೂಮಿಕಾ ನನ್ನ ಹಳೆಯ ಸೀರೆ ಹರಿದು ಕುರ್ಚಿಯ ಕಾಲಿಗೆ ಕಟ್ಟಿದಳು, ಒನಕೆಗೆ ಕಟ್ಟಿದಳು, ಕೊನೆಗೆ ನಿದ್ದೆ ಹೋಗಿದ್ದ ತೇಜುವಿನ ಕೈಗೂ ಕಟ್ಟಿದಳು. ಎದ್ದವನು ಕೈ ಯಾವಾಗ ಮುರಿಯಿತೆಂದು ನನ್ನನ್ನು ಕೇಳಿದ. ನನ್ನ ಪಾಲಿನ ಔಷಧಿಯೆಂದು ನಾನು ರಾಗಿ ಹುರಿಹಿಟ್ಟು ಮಾಡಿ ಅವಳ ಚೀಲಕ್ಕೆ ಹಾಕಿದೆ. “ತೂಕ ಜಾಸ್ತಿ ಆಗ್ತದಜ್ಜಿ” ಎಂದು ತೆಗೆದಿಟ್ಟಳು. ಅದನ್ನು ಅವಳ ಉಣ್ಣೆಯ ಕಾಲುಚೀಲದೊಳಗೆ ತುಂಬಿ ಅಡಿಯಲ್ಲಿ ತುರುಕಿದೆ. ಅಲ್ಲಿಂದಲೂ ಹುಡುಕಿ ತೆಗೆದಳು. ಹುಡುಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂಬುದು ಆವತ್ತೇ ನನಗೆ ತಿಳಿಯಬೇಕಿತ್ತು.

ಪರೀಕ್ಷೆ ನಡೆಸುವವರು ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಮೇಷ್ಟರು. ತಂಡದ ಗೆಳೆಯರನ್ನೇ ಪೇಷೆಂಟ್ ಮಾಡಿದರೆ ಕಣ್ಸನ್ನೆಯಲ್ಲಿ ಉತ್ತರ ಹೇಳಿಕೊಡುತ್ತಾರೆಂದು, ಹೊರಗಿನವರನ್ನು ಕರೆತರಲು ಹೇಳಿದ್ದರು. ನಿಮ್ಮಮ್ಮನಿಗೆ ಡ್ಯೂಟಿ, ನಿಮ್ಮಪ್ಪನಿಗೆ ನೆವ. ಉಳಿದವಳು ನಾನು. ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಹೋಗುವಾಗ ದಾರಿಯುದ್ದಕ್ಕೂ ನನಗೆ ಪಾಠವಾಯಿತು. ನಾನು ಬಂಡೆಯಿಂದ ಜಾರಿ ಎಡಗಾಲು ಮುರಿದುಕೊಂಡಿದ್ದೇನೆ. ನೋವಿಗೆ ಕಿರುಚಬೇಕು. ಎದುರು ಸೀಟಿನವರು ನನ್ನ ಕಾಲನ್ನೇ ನೋಡತೊಡಗಿದಾಗ ನಾನು ಸೆರಗಿನಿಂದ ಪಾದ ಮುಚ್ಚಿಕೊಂಡೆ.

ಊರಾಚೆಯ ಗುಡ್ಡದ ಬುಡದಲ್ಲಿ ಒಂದು ಬಂಡೆಯ ಮೇಲೆ ನನ್ನನ್ನು ಮಲಗಿಸಿದರು. “ಅಜ್ಜಿ, ಈಗ ಕಿರುಚಿ” ಎಂದರು ಮೇಷ್ಟರು. ನಾನು ಸೆರಗು ಬಾಯಿಗಿಟ್ಟುಕೊಂಡು “ಅಮ್ಮಾ” ಎಂದೆ. “ಕಿರುಚೋಕೆ ಶುರು ಮಾಡಿ ಅಜ್ಜಿ” ಎಂದರು. ನಾನು ಮುಗಿಸಿದ್ದೆ.

ಅಷ್ಟರಲ್ಲಿ ಅಲ್ಲೇ ಮೇಕೆ ಮೇಯಿಸುತ್ತಿದ್ದ ನಮ್ಮ ತವರಿನ ಮುನಿಯಮ್ಮ ಓಡಿ ಬಂದಳು. ನನ್ನ ಗುರುತು ಹಿಡಿದದ್ದೇ ತಲೆಯ ಮೇಲೆ ಕೈಹೊತ್ತಳು.

“ಅಯ್ಯೋ ನಮ್ಮಕ್ಕಾ, ಈ ವಯಸ್ನಾಗೆ ಬಂಡೆ ಯಾಕತ್ತಕ್ಕೋದೆ? ಓಗ್ಬುಟ್ಯೇನಕ್ಕಾ!”

“ಓಗಿಲ್ಲ ಕಣೇ, ಸುಮ್ನಿರು. ಪರೀಕ್ಸೆ ನಡೀತೈತೆ” ಎಂದೆ ಮೆಲ್ಲಗೆ.

“ಮುದುಕೀನ್ ಬೀಳ್ಸಿ ಎಂತಾ ಪರೀಕ್ಸೆ? ಯಾವನ್ಲಾ ಅವುನು ಮೇಷ್ಟ್ರು?”

ಮೇಷ್ಟರು ಎರಡು ಹೆಜ್ಜೆ ಹಿಂದೆ ಸರಿದು, “ಪೇಷೆಂಟ್ ಆಗಿ ಇವರನ್ನೇ ಕರ್ಕೊಂಡು ಬರಬೇಕಿತ್ತು” ಎಂದರು.

ಭೂಮಿಕಾ ಇದ್ಯಾವುದಕ್ಕೂ ತಲೆಯೆತ್ತಲಿಲ್ಲ. ಮಲಗುವ ಚಾಪೆಯನ್ನು ನನ್ನ ಕಾಲಿಗೆ ಸುತ್ತಿ, ಊರುಗೋಲು ಇಟ್ಟು, ಸೀರೆಯ ಪಟ್ಟಿಗಳಿಂದ ಕಟ್ಟಿದಳು. ಚಳಿಗೆಂದು ಪಾದಕ್ಕೂ ಉಣ್ಣೆ ಬಟ್ಟೆ ಸುತ್ತಿದಳು. ಗೆಳೆಯರು ಸ್ಟ್ರೆಚರ್ ಹೊತ್ತು ನಡೆದರು, ಮುನಿಯಮ್ಮ ಮೇಕೆಗಳ ಸಮೇತ ಹಿಂದೆ ಬಂದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಪಾದಕ್ಕೆ ಜೋಮು ಹಿಡಿಯಿತು. ಪಟ್ಟಿ ಬಿಗಿಯಾಗಿತ್ತು. ಹೇಳೋಣವೆಂದರೆ ಹುಡುಗಿ ಫೇಲಾಗುತ್ತಾಳೆ. ಅವಳು ಎರಡು ವರ್ಷದಿಂದ ಕಾದ ಹಿಮಾಲಯ ನನ್ನ ಹೆಬ್ಬೆರಳಿನ ಮೇಲೆ ನಿಂತಿತ್ತು. ಹೆಬ್ಬೆರಳು ಹೋದರೂ ಬಾಯಿ ಬಿಡಬಾರದೆಂದು ಗಟ್ಟಿ ಮಾಡಿಕೊಂಡೆ.

ಇದು ನಮ್ಮ ಮನೆತನದ ವಿದ್ಯೆ. ನಿಮ್ಮ ತಾತ ನಮ್ಮೂರ ನಂದಿದುರ್ಗ ಚಿನ್ನದ ಗಣಿಯಲ್ಲಿದ್ದಾಗ ಒಂದು ಸಂಜೆ ಬಂದವರು ಮುದ್ದೆ ಬೇಡ, ಗಂಜಿ ಸಾಕು ಎಂದರು. ಏನಾಯಿತೆಂದು ಕೇಳಿದರೆ “ಏನಿಲ್ಲ.” ಮುದ್ದೆ ಮುರಿಯುವ ಕೈಯೇ ಬೆನ್ನ ಹಿಂದೆ ಊದಿಕೊಂಡಿತ್ತು. ಅವರು ಏನಿಲ್ಲ ಎಂದರು, ನಾನು ಗಂಜಿ ಕಾಯಿಸಿದೆ. ಗಣಿ ಕೆಲಸಗಾರರ ಲೈನಿನ ಮನೆಗಳಲ್ಲಿ ಕಷ್ಟಗಳೆಲ್ಲಕ್ಕೂ ಇದ್ದದ್ದು ಅದೊಂದೇ ಹೆಸರು.

ಮೇಷ್ಟರು ಪಕ್ಕಕ್ಕೆ ಬಂದು, “ಅಜ್ಜಿ, ಪಟ್ಟಿ ಬಿಗಿ ಆಯ್ತಾ?” ಎಂದು ಕೇಳಿದರು.

“ಇಲ್ಲ ಸ್ವಾಮಿ. ಆಯಾಗೈತೆ.”

“ನಿಲ್ಸಿ, ಕೆಳಗಿಡಿ” ಎಂದಳು ಭೂಮಿಕಾ.

ಉಣ್ಣೆ ಬಿಚ್ಚಿ ನನ್ನ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಳು. ಬಿಳಿಚಿದ ಉಗುರು ಮತ್ತೆ ಕೆಂಪಾಗಲು ತಡವಾಯಿತು. ಅವಳ ಮುಖ ಮಾತ್ರ ಆಗಲೇ ಕೆಂಪಾಗಿತ್ತು. “ಬಿಗಿ ಕಟ್ಟಿದೀನಿ ಸರ್. ತಪ್ಪು ನಂದೇ” ಎಂದು ಎಲ್ಲರ ಎದುರಿಗೇ ಹೇಳಿ, ಪಟ್ಟಿ ಸಡಿಲಿಸಿ, ಪಾದ ಬೆಚ್ಚಗಾಗುವ ತನಕ ಕೈಯಲ್ಲಿ ಹಿಡಿದು ಕೂತಳು. ಹೋಯಿತು ಹಿಮಾಲಯ ಎಂದುಕೊಂಡೆ.

“ಪೇಷೆಂಟ್ ಆರಾಮಾಗಿದೀನಿ ಅಂದ್ರಲ್ಲಮ್ಮ. ಮತ್ಯಾಕೆ ಬಿಚ್ಚಿ ನೋಡಿದೆ?” ಎಂದರು ಮೇಷ್ಟರು.

“ನಮ್ಮಜ್ಜಿ ಆಯಾಗೈತೆ ಅಂದ್ಲು ಸರ್. ಅದಕ್ಕೇ ಅನುಮಾನ ಬಂತು.”

ಮೇಷ್ಟರು ಬಹಳ ಹೊತ್ತು ನಕ್ಕರು. ಆಮೇಲೆ, ಮೊದಲ ಸಲ ಬಿಗಿ ಕಟ್ಟುವುದು ಯಾರಿಗೂ ತಪ್ಪಿದ್ದಲ್ಲ, ಬೆಟ್ಟದ ಮೇಲೆ ಹುಡುಗರೆಲ್ಲ ಮರ್ಯಾದೆಗೆ ಹೆದರಿ ‘ಏನಿಲ್ಲ’ ಎನ್ನುತ್ತಾರೆ, ಅದನ್ನು ನಂಬದವರೇ ಬೇಕು ಎಂದು ಔಷಧಿಯ ಚೀಲ ಅವಳ ಹೆಗಲಿಗೆ ಹಾಕಿದರು. ನಾನು ಆಗಲೂ ಕಿರುಚಲಿಲ್ಲ. ನನ್ನ ಬದಲು ಮುನಿಯಮ್ಮ ಕಿರುಚಿದಳು.

ನಿನ್ನೆ ರಸ್ತೆ ಮುಗಿಯುವ ಹಳ್ಳಿಯಿಂದ ನಿಮ್ಮಕ್ಕ ವಿಡಿಯೋ ಕಾಲ್ ಮಾಡಿದ್ದಳು. ಇನ್ನು ಮುಂದೆ ಸಿಗ್ನಲ್ ಇಲ್ಲವಂತೆ. ಹಿಂದೆ ಬಿಳಿಯ ಬೆಟ್ಟ, ಹೆಗಲಲ್ಲಿ ಅದೇ ಚೀಲ. ಹತ್ತು ಜನರ ಜೀವ ಕಾಯುವವಳು ನನ್ನ ಮೊಮ್ಮಗಳು ಎಂದುಕೊಂಡು ಕಣ್ಣೊರೆಸಿಕೊಂಡೆ.

“ಎಂಗಿದೀಯಜ್ಜಿ?”

“ಆಯಾಗಿದೀನಿ ಕಣಮ್ಮ.”

“ಫೋನ್ ಕೆಳಗೆ ಹಿಡಿ. ಕಾಲು ತೋರ್ಸು.”

ನಾನು ಬಲಗಾಲು ತೋರಿಸಿದೆ.

“ಇನ್ನೊಂದು” ಎಂದಳು.

ಅಷ್ಟರಲ್ಲಿ ಲೈನ್ ಕಟ್ಟಾಯಿತು, ದೇವರು ದೊಡ್ಡವನು. ವಾರದಿಂದ ನನ್ನ ಎಡಗಾಲಿನ ಮಂಡಿ ಊದಿಕೊಂಡಿದೆ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ, ನಿಮ್ಮ ಮಕ್ಕಳಿಗೂ ಓದಿ ಹೇಳಿ. ಅಕ್ಕ ಬಂದ ಮೇಲೆ ಮಾತ್ರ ಅವಳ ಕೈಗೆ ಸಿಗದ ಕಡೆ ಇಡಿ. ಎಲ್ಲಿಟ್ಟರೂ ಹುಡುಕುತ್ತಾಳೆ, ಗೊತ್ತು. ಆದರೂ ಇಡಿ.