ಜಲಪಾತ ಹಾರಿದವರೂ ನನ್ನ ಬಿಪಿಯೂ

ಇವತ್ತು ಸಿಟ್ಟು ಮಾಡಿಕೊಳ್ಳಬಾರದು ಅಂದುಕೊಂಡೇ ಪ್ರತಿ ಶನಿವಾರ ಮನೆ ಬಿಡುತ್ತೇನೆ. ಯಾರಾದರೊಬ್ಬರು ಬಂದು ಬರಿಸಿಯೇ ಬರಿಸುತ್ತಾರೆ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಫಿಸಿಕ್ಸ್ ಕಲಿಸಿದವಳು ನಾನು. ಈಗ ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ಪುಟ್ಟ ಮ್ಯೂಸಿಯಮ್ಮೊಂದರಲ್ಲಿ ವಾಲಂಟಿಯರ್ ಗೈಡು. ಅಲ್ಲಿರುವುದು ಅಮೆರಿಕದ ಹಳೇ ಕಾಲದ ದುಸ್ಸಾಹಸಿಗಳ ಪ್ರದರ್ಶನ. ಜಲಪಾತದಿಂದ ಧುಮುಕಿದವರು, ಹಗ್ಗದ ಮೇಲೆ ನಡೆದವರು, ಬಲೂನಿನಿಂದ ಜಿಗಿದವರು.

"ಅಷ್ಟು ಸಿಟ್ಟು ಬರೋದಾದ್ರೆ ಯಾಕೆ ಹೋಗ್ತೀಯೆ?" ಅಂತ ನಮ್ಮ ಯಜಮಾನರು ಕೇಳುತ್ತಾರೆ. ಮನೆಯಲ್ಲಿದ್ದರೆ ಬರುವುದಿಲ್ಲವೆಂದು ಇವರಿಗೆ ಯಾರು ಹೇಳಿದರೋ!

ಬೆಕ್ಕಿನ ಯೋಗಕ್ಷೇಮ

ಪೀಪಾಯಿಯೊಳಗೆ ಕೂತು ದೊಡ್ಡ ಜಲಪಾತದಿಂದ ಬಿದ್ದು ಮೊದಲು ಬದುಕಿ ಬಂದದ್ದು ಒಬ್ಬ ಹೆಂಗಸು. ಅರವತ್ತು ದಾಟಿದ ಮೇಡಂ, ನನ್ನ ಹಾಗೆ. ಒಂದು ಸಲ ಅವಳ ಕಥೆ ಹೇಳುತ್ತಾ, ಮೊದಲು ಅವಳು ಪರೀಕ್ಷೆಗೆಂದು ಒಂದು ಬೆಕ್ಕನ್ನು ಪೀಪಾಯಿಯಲ್ಲಿ ಕೂರಿಸಿ ಬಿಟ್ಟಳಂತೆ ಅಂದುಬಿಟ್ಟೆ.

ಗುಂಪಿನಲ್ಲಿದ್ದವರೆಲ್ಲ ಹೌಹಾರಿದರು. "ಬೆಕ್ಕಿಗೇನಾಯ್ತು?"

"ಬದುಕಿತು."

ಚಪ್ಪಾಳೆ! ಒಬ್ಬಾಕೆ ಕಣ್ಣೂ ಒರೆಸಿಕೊಂಡಳು. ಆಮೇಲೆ ಎಲ್ಲರೂ ಮುಂದಿನ ಚಿತ್ರದ ಕಡೆ ಹೊರಟರು.

"ಆ ಹೆಂಗಸೂ ಬದುಕಿದಳು," ಅಂತ ಹಿಂದಿನಿಂದ ಕೂಗಿದೆ. "ಯಾರಾದ್ರೂ ಕೇಳಿದ್ರೆ ಹೇಳೋಣ ಅಂತಿದ್ದೆ!"

ಯಾರೋ ಇದ್ದೇ ಇರ್ತಾರೆ

ಸಾನ್ ಹೋಸೆಯಿಂದ ಹೆಂಡತಿ ಜೊತೆ ಬಂದಿದ್ದ ಒಬ್ಬ ಬೆಂಗಳೂರಿನ ಇಂಜಿನಿಯರು ಪೀಪಾಯಿಯ ಸುತ್ತ ಎರಡು ಸುತ್ತು ಹಾಕಿದ.

"ಮೇಡಂ, ಇದನ್ನ ಅವರ ಹಸ್ಬೆಂಡು ಡಿಸೈನ್ ಮಾಡಿದ್ದಾ?"

"ಅವಳು ವಿಧವೆ ಕಣಪ್ಪ. ಎಲ್ಲಿ ದಿಂಬು ಇಡಬೇಕು, ಎಲ್ಲಿ ಭಾರ ಕಟ್ಟಬೇಕು, ಎಲ್ಲ ಅವಳದೇ ಯೋಚನೆ."

"ಅಲ್ಲ, ಆದ್ರೂ ಯಾರಾದ್ರೂ ಗೈಡ್ ಮಾಡಿರ್ಬೇಕಲ್ವಾ? ಮೇಲಿಂದ ಕೆಳಗಿನ ತನಕ?"

ನನಗೆ ತಡೆಯಲಾಗಲಿಲ್ಲ. "ಗುರುತ್ವಾಕರ್ಷಣೆ!" ಅಂದೆ.

ಅವನು ಹೆಂಡತಿಯ ಕಡೆ ತಿರುಗಿದ. "ನೋಡಿದ್ಯಾ? ನಾನು ಹೇಳ್ಲಿಲ್ವಾ, ಯಾರೋ ಇದ್ದೇ ಇರ್ತಾರೆ."

ಸತ್ತವನ ಸಾಕ್ಷಿ

ನಮ್ಮಲ್ಲಿ ಇನ್ನೊಬ್ಬನ ಚಿತ್ರವಿದೆ. ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವನು, ಸಿಕ್ಕ ಜಲಪಾತದಿಂದೆಲ್ಲ ಧುಮುಕುತ್ತಿದ್ದ. ಕೊನೆಗೊಂದು ಸಲ ಧುಮುಕಿದವನು ಏಳಲಿಲ್ಲ. ಬದುಕಿದ್ದಾಗ ಕುಡುಕ ಅನ್ನಿಸಿಕೊಂಡಿದ್ದವನು ಸತ್ತ ಮೇಲೆ ಪುರಾಣಪುರುಷನಾದ. ಅಲ್ಲಿ ಕಂಡ, ಇಲ್ಲಿ ಕಂಡ ಅಂತ ಜನ ಶುರುಮಾಡಿದರು. ಜನ ಸುಳ್ಳು ಕಟ್ಟುವುದು ಹೀಗೆ ಅಂತ ವಿವರಿಸುತ್ತಿದ್ದೆ. ಮಗಳ ಮನೆಗೆ ಧಾರವಾಡದಿಂದ ಬಂದಿದ್ದ ಹಿರಿಯರೊಬ್ಬರು ಕೈಯೆತ್ತಿದರು.

"ಅಂವಾ ಸತ್ತಿಲ್ಲ ಬಿಡ್ರಿ ಬಾಯಾರ."

"ಸತ್ತಿದಾನೆ ಸರ್. ಹಿಮ ಕರಗಿದ ಮೇಲೆ ಹೆಣ ಸಿಕ್ಕಿತು."

"ಅದು ಬ್ಯಾರೆಯವರದ್ ಇರಬೇಕ್ರಿ."

"ನೀವು ಹೋಗಿ ನೋಡಿದ್ರಾ?"

"ನಾ ಎಲ್ಲಿ ನೋಡ್ಲಿರಿ? ನೀವ್ ನೋಡೀರೇನು?"

ಇಡೀ ಗುಂಪು ನನ್ನನ್ನೇ ನೋಡಿತು, ಸುಳ್ಳು ಹೇಳಿ ಸಿಕ್ಕಿಬಿದ್ದವಳನ್ನು ನೋಡಿದ ಹಾಗೆ. ಮುಂದಿನ ಶನಿವಾರ ಅವರು ಪಾರ್ಕಿನ ಗೆಳೆಯರನ್ನೆಲ್ಲ ಕರೆತಂದು ತಾವೇ ಆ ಕಥೆ ಹೇಳಿದರು. ಅವರ ಕಥೆಯಲ್ಲಿ ಅವನು ಕ್ಯಾಲಿಫೋರ್ನಿಯಾಕ್ಕೆ ಬಂದು, ಮದುವೆಯಾಗಿ, ಸುಖವಾಗಿದ್ದ. ಮ್ಯೂಸಿಯಮ್ಮಿನ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, "ಆ ಹೊಸ ಗೈಡು ತುಂಬಾ ಚೆನ್ನಾಗಿ ಮಾತಾಡ್ತಾರೆ, ದಿನಾ ಬರ್ತಾರಾ ಕೇಳಿ," ಅಂದಳು.

ಹೊಸ ವೀರ

ಇದು ಕಳೆದ ಬೇಸಗೆಯದು. ಜಿಮ್ಮಿನಲ್ಲಿ ಬೆಳೆದ ತೋಳಿನ ಒಬ್ಬ ಯುವಕ ಗೆಳೆಯನೊಂದಿಗೆ ಬಂದ. ಮುಟ್ಟಬೇಡಿ ಎಂಬ ಬೋರ್ಡನ್ನು ಪಕ್ಕಕ್ಕಿಟ್ಟ, ನಮ್ಮ ಮಾದರಿ ಪೀಪಾಯಿಯನ್ನು ಅಡ್ಡ ಮಲಗಿಸಿದ, ವಿಡಿಯೋಗೆಂದು ಒಳಗೆ ತೂರಿಕೊಂಡ. ನಾನು ಓಡಿ ಬರುವಷ್ಟರಲ್ಲಿ ಗೆಳೆಯ "ಸ್ವಲ್ಪ ಅಲ್ಲಾಡು" ಅಂದ. ಅಲ್ಲಾಡಿದ. ಬಾಗಿಲು ತೆರೆದಿತ್ತು. ಪೀಪಾಯಿ ಉರುಳಿಕೊಂಡು ಹೊರಟಿತು, ವೀಲ್‌ಚೇರಿಗೆಂದು ಮಾಡಿದ ಇಳಿಜಾರಿನಲ್ಲಿ ವೇಗ ಹಿಡಿಯಿತು, ಪಾರ್ಕಿಂಗ್ ಲಾಟು ದಾಟಿ ರೋಸ್‌ಮೇರಿ ಪೊದೆಗೆ ನುಗ್ಗಿ ನಿಂತಿತು. ಹಿಂದೆಯೇ ನಾನು, ಸೀರೆಯ ನೆರಿಗೆ ಎತ್ತಿ ಹಿಡಿದು, ಎದೆ ಬಿರಿಯುವಂತೆ ಕಿರುಚುತ್ತಾ: "ಹೋಗು! ಹಾಳಾಗಿ ಹೋಗು!"

ಅವನಿಗೊಂದು ತರಚುಗಾಯವೂ ಆಗಲಿಲ್ಲ. ಪೀಪಾಯಿಯ ಎರಡು ಹಲಗೆ ಹೋದವು. ವಿಡಿಯೋ ಮಾತ್ರ ಊರೆಲ್ಲ ಸುತ್ತಿತು, ನನ್ನ ಕಿರುಚಾಟದ ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಸಮೇತ: "ಗೋ, ಹಾಲಾಗಿ, ಗೋ!"

ಸಬ್‌ಟೈಟಲ್ ಹಾಕಿದವಳು ಇಲ್ಲೇ ಹುಟ್ಟಿದ ನಮ್ಮ ಪಕ್ಕದ ಮನೆಯ ಕನ್ನಡದ ಹುಡುಗಿ. ಹಿಡಿದು ಕೇಳಿದೆ.

"ಆಂಟಿ, ಹೋಗು ಮೀನ್ಸ್ ಗೋ, ರೈಟ್?"

"ಮತ್ತೆ ಹಾಳಾಗಿ?"

"ದಟ್ಸ್ ಹಿಸ್ ನೇಮ್, ನೋ?"

ಆಗಿಹೋಯಿತು. ಆ ಯುವಕನೇ ಈಗ ಹಾಲಾಗಿ ಅಂತ ಅಚ್ಚು ಹಾಕಿಸಿದ ಟೀ ಶರ್ಟು ತೊಟ್ಟು ತಿರುಗುತ್ತಾನೆ. ಪೀಪಾಯಿಯ ಮೇಡಂ ಬಗ್ಗೆ ಕೇಳುವವರೇ ಇಲ್ಲ.

ಮೊನ್ನೆ ತಾಯಿಯ ಕೈ ಹಿಡಿದು ಬಂದ ಪುಟ್ಟ ಹುಡುಗಿಯೊಬ್ಬಳು ಕೇಳಿದಳು, "ಹಾಲಾಗಿ ಜಲಪಾತದಿಂದ ಬಿದ್ದದ್ದು ಈ ಪೀಪಾಯಿಯಲ್ಲೇನಾ?"

ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ತಾಯಿ ಮಗಳ ಬಾಯಿಗೆ ಕೈ ಅಡ್ಡ ಹಿಡಿದು, "ಶ್! ಆ ಆಂಟಿ ಎದುರಿಗೆ ಕೇಳಬೇಡ," ಅಂದಳು. "ಪಾಪ, ಅವನ ಹೆತ್ತಮ್ಮ ಅವರು."