ಆಕಾಶದ ಚಿಲಿಪಿಲಿ

ಎಲ್ಲಕ್ಕೂ ಮೂಲ ಒಂದು ಮೊಳ ವೈರು. ಆಕಾಶದ ರೇಡಿಯೊ ಅಲೆ ಹಿಡಿಯುವ ರಿಸೀವರಿನಿಂದ ಕಂಪ್ಯೂಟರಿಗೆ ಹೋಗುವ ಅದನ್ನು ಇಲಿ ಕಡಿದು ಮೂರು ತಿಂಗಳಾಗಿತ್ತು. ಹೊಸದಕ್ಕೆ ಅರ್ಜಿ ಹಾಕಿ ಹಾಕಿ ಸುಸ್ತಾದ ಆಪರೇಟರು ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡುತ್ತಿದ್ದ. ಹೀಗಾಗಿ ಹೋದ ಸಲ ಕಳಿಸಿದ್ದರಲ್ಲಿ ಎರಡು ಕಾಗೆಯೂ ಪಕ್ಕದ ಟೈಲರನ ಹೊಲಿಗೆ ಯಂತ್ರವೂ ಸೇರಿಕೊಂಡಿದ್ದವು.

ಬೆಳಿಗ್ಗೆಯೇ ಸಾಹೇಬರ ಫೋನು.

"ಇವತ್ತು ಕಾಂತ ಬಿರುಗಾಳಿ ಇದೆ ಕಣಯ್ಯ. ವಿಕಿರಣ ಪಟ್ಟಿಯಿಂದ ಬರೋ ರೇಡಿಯೊ ಅಲೆ ಶುದ್ಧವಾಗಿ ಹಿಡಿದು ಕಳಿಸು. ಈ ಸಲಾನೂ ಕಾಗೆ ಕೂಗಿದ್ರೆ ನಿನ್ನನ್ನ ಗೋಡೌನಿಗೆ ಹಾಕ್ತೀನಿ."

ಗೋಡೌನೆಂದರೆ ಕಿಟಕಿಯೇ ಇಲ್ಲದ ಕತ್ತಲ ಕೋಣೆ. ಆಪರೇಟರು ಫೋನಿಟ್ಟವನೇ ಟೈಲರನ ಹತ್ತಿರ ಓಡಿದ.

"ಅಣ್ಣಾ, ಒಂದ್ ಗಂಟೆ ಮಿಷನ್ ನಿಲ್ಸಿ. ಬಿರುಗಾಳಿ ಇದೆ."

ಟೈಲರು ಹೊರಗೆ ಇಣುಕಿದ. "ಒಂದೆಲೆನೂ ಅಲ್ಲಾಡ್ತಿಲ್ವಲ್ಲಪ್ಪ."

"ಅದು ಆಕಾಶದಲ್ಲಿ, ಅಣ್ಣಾ."

"ಹಾಗಾದ್ರೆ ನಲವತ್ತು ಶರ್ಟಿಗೆ ಗುಂಡಿ ನೀನೇ ಹಾಕ್ಕೊಡು."

ಬಡಪಾಯಿ ಒಪ್ಪಿಕೊಂಡ. ಕಚೇರಿಗೆ ವಾರದ ಹಿಂದಷ್ಟೇ ಬಂದಿದ್ದ ಗುಮಾಸ್ತೆ ಅಕ್ಕನನ್ನು ಕೋಲು ಕೊಟ್ಟು ಬೀದಿಯ ನಾಯಿ ಓಡಿಸಲು ಹೊರಗೆ ನಿಲ್ಲಿಸಿದ. ಕಿಟಕಿ ಬಾಗಿಲು ಭದ್ರ ಮಾಡಿ ಉಸಿರು ಬಿಗಿಹಿಡಿದು ಕೂತ.

ಹನ್ನೊಂದಕ್ಕೆ ಸ್ಪೀಕರು ಚಿಲಿಪಿಲಿ ಎಂದಿತು. ಮರದ ತುಂಬ ಹಕ್ಕಿ ಎದ್ದ ಹಾಗೆ, ಭೂಮಿಯನ್ನು ಸುತ್ತಿದ ವಿಕಿರಣ ಪಟ್ಟಿಯೇ ಉಲಿಯುತ್ತಿತ್ತು. ಹನ್ನೊಂದು ವರ್ಷದಿಂದ ಅವನು ಕಾದಿದ್ದು ಇದಕ್ಕೇ. ಖುಷಿಗೆ ಕಣ್ಣು ತುಂಬಿ ಬಂತು.

ಗಂಟೆ ಮುಗಿಯಿತು. ಆದರೆ ನಾಯಿ ಎರಡು ಸಲ ಬೊಗಳಿತ್ತು, ಟೈಲರು ಸೀನಿದ್ದ.

"ಅಕ್ಕಾ, ಹೊರಗಿನ ಸದ್ದು ಒಂದೂ ಬಿಡದೆ ಕತ್ತರಿಸಿ ಸಾಹೇಬರಿಗೆ ಕಳಿಸಿಬಿಡಿ" ಎಂದು ಮೊಬೈಲ್ ಅವರ ಕೈಗಿತ್ತು ಗುಂಡಿ ಹಾಕಲು ಹೋದ.

ಬೆರಳಿಗೆಲ್ಲ ಸೂಜಿ ಚುಚ್ಚಿಸಿಕೊಂಡು ಸಂಜೆ ಬಂದಾಗ ಅಕ್ಕ ಹಣೆ ಒರೆಸಿಕೊಳ್ಳುತ್ತಿದ್ದರು.

"ನಾಯಿ, ಸೀನು ಎಲ್ಲ ಸಲೀಸಾಗಿ ಹೋಯ್ತಪ್ಪ. ಆ ಹಾಳು ಹಕ್ಕಿಗಳೇ ಜೀವ ತಿಂದಿದ್ದು. ಮುನ್ನೂರ ಹನ್ನೆರಡು ಕಡೆ ಚಿಲಿಪಿಲಿ. ಒಂದೂ ಬಿಡದೆ ಕಿತ್ತೆಸೆದೆ. ಮೊಬೈಲಲ್ಲಿ ಜಾಗ ಸಾಲ್ಲಿಲ್ಲ, ಮೊದಲಿನ ರೆಕಾರ್ಡನ್ನೂ ಅಳಿಸಿಬಿಟ್ಟೆ."

ಆಪರೇಟರು ಮೊಬೈಲ್ ಕಿತ್ತುಕೊಂಡು ಹುಡುಕತೊಡಗಿದ. ಅಷ್ಟರಲ್ಲಿ ಸಾಹೇಬರ ಫೋನು.

"ಏನಯ್ಯಾ ಇದು, ಬರೀ ಸೊರ್ ಅಂತಿದೆ?"

ಅವನು ತೊದಲುತ್ತ ನಡೆದದ್ದನ್ನೆಲ್ಲ ಹೇಳಿದ.

"ಬರೀ ಕಿವೀಲಿ ಮುನ್ನೂರ ಹನ್ನೆರಡೂ ಹಿಡಿದ್ರಾ ಆಯಮ್ಮ? ಇಲ್ಲಿ ಯಂತ್ರಕ್ಕೇ ಅರ್ಧಾನೂ ಸಿಗಲ್ಲ. ನಾಳೆನೇ ಅವರನ್ನ ಮುಖ್ಯ ಕಚೇರಿಗೆ ಕಳಿಸು, ನನಗೆ ಅಂಥವರೇ ಬೇಕು."

"ನಾನು, ಸಾರ್?"

"ನೀನು ಗೋಡೌನಿಗೆ ನಡಿ. ಅಲ್ಲಿ ವರ್ಷದಿಂದ ಇನ್ನೂರು ಹೊಸ ವೈರು ಬಿದ್ದು ಧೂಳು ತಿಂತಿವೆ. ಕೇಳೋರೇ ಇಲ್ಲ."