ಅನಂತಕ್ಕೆ ಎಷ್ಟು ಕಾಜ?

ಕೋಟಿನ ಮೇಲಿನ ಕಾಜ ಹರಿದು ಗುಂಡಿ ನಿಲ್ಲುತ್ತಿರಲಿಲ್ಲ, ಅಷ್ಟೇ. ನಾಲ್ಕಕ್ಕೆ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆ. ನಿವೃತ್ತರಾದ ಲೆಕ್ಕದ ಮೇಷ್ಟ್ರು ಮೂರಕ್ಕೇ ಟೈಲರ್ ಅಂಗಡಿಗೆ ಓಡಿದರು.

ಟೈಲರ್ ಕನ್ನಡಕ ಏರಿಸಿ ನೋಡಿದ. "ಅಯ್ಯೋ, ಮೇಷ್ಟ್ರೇ! ಗುರುತು ಸಿಕ್ತಾ? ಮೂವತ್ತು ವರ್ಷದ ಹಿಂದೆ, ಅನಂತದಲ್ಲೂ ಚಿಕ್ಕದು ದೊಡ್ಡದು ಇದೆ ಅಂತ ಪಾಠ ಮಾಡಿದ್ರಲ್ಲ, ಆ ಕ್ಲಾಸಿನವನು ನಾನು."

ಮೇಷ್ಟ್ರು ಅವನ ಮುಖವನ್ನೇ ದಿಟ್ಟಿಸಿದರು. ಆ ದಿನ ಮರೆಯುವುದುಂಟೆ! ಮಧ್ಯಾಹ್ನದ ಬಿಸಿಲು, ಸೀಮೆಸುಣ್ಣದ ಧೂಳು, ಕಡೆಯ ಬೆಂಚಿನಲ್ಲಿ ಕಿಸಕ್ಕೆಂದು ನಕ್ಕ ಹುಡುಗ. ಅವನನ್ನು ಹೊರಗೆ ಹಾಕಿ, ವರ್ಷ ಮುಗಿಯುವವರೆಗೂ ಒಳಗೆ ಸೇರಿಸಿರಲಿಲ್ಲ. ಅದೇ ಮೂಗು, ಅದೇ ನಗು. ಪಾಪ, ನನ್ನಿಂದಾಗಿ ಕತ್ತರಿ ಹಿಡಿದ! ಇವತ್ತು ಆ ಪಾಠ ಇವನ ತಲೆಗೆ ಹತ್ತಿಸದೆ ಏಳುವುದಿಲ್ಲ ಎಂದು ಸ್ಟೂಲ್ ಎಳೆದು ಕೂತರು.

"ನೋಡಪ್ಪಾ, ಗುಂಡಿ ಕಾಜ ಸರಿಸಮ ಇದೆಯಾ ಅಂತ ಎಣಿಸದೆ ಹೇಗೆ ಹೇಳ್ತೀಯ?"

"ಹಾಕಿ ನೋಡ್ತೀನಿ. ಯಾವುದೂ ಮಿಗಬಾರದು."

"ಭೇಷ್! ಈಗ ಗುಂಡಿ ಒಂದು, ಎರಡು, ಮೂರು ಅಂತ ಮುಗಿಯೋದೇ ಇಲ್ಲ ಅಂದ್ಕೋ. ಈ ಕೋಟಿನ ಅಂಚಲ್ಲಿರೋ ಒಂದೊಂದು ಬಿಂದುವಿಗೂ ಒಂದು ಕಾಜ. ಹೇಗೆ ಹಾಕಿದ್ರೂ ಕಾಜ ಮಿಗುತ್ತೆ! ಎರಡೂ ಅನಂತವೇ, ಆದ್ರೆ ಕಾಜದ್ದು ದೊಡ್ಡದು."

ಪಕ್ಕದ ಕ್ಷೌರದಂಗಡಿಯವನು ತಲೆ ತೂರಿಸಿದ. "ಕೂದಲಿನ ಉದಾಹರಣೆ ಕೊಡಿ ಮೇಷ್ಟ್ರೇ. ನಿಮ್ಮದು ಬೇಡ, ಅದು ಎಣಿಕೆಗೆ ಸಿಗುತ್ತೆ."

ಮೇಷ್ಟ್ರು ಅತ್ತ ತಿರುಗಿ ಚೆನ್ನಾಗಿ ಗದರಿದರು. ಇತ್ತ ಟೈಲರ್ ಪಾಠದ ಗುಂಗಿನಲ್ಲಿ "ಇಲ್ಲೊಂದು, ಇದರ ಪಕ್ಕ ಇನ್ನೊಂದು..." ಎನ್ನುತ್ತ ಕತ್ತರಿ ಆಡಿಸುತ್ತಲೇ ಇದ್ದ. ಅವರು ಈಚೆ ತಿರುಗುವಷ್ಟರಲ್ಲಿ ಕೋಟಿನ ಅಂಚಿಗೆ ಇಪ್ಪತ್ತಮೂರು ಕಾಜ ಬಿದ್ದಿದ್ದವು.

"ಗುಂಡಿ ಮೂರೇ. ನೀವಂದಿದ್ದು ನಿಜ ಮೇಷ್ಟ್ರೇ, ಕಾಜ ಮಿಗ್ತು!"

ಕೋಟು ಹೋದರೆ ಹಾಳಾಗಿ ಹೋಗಲಿ! ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಅವನ ಕೈ ಹಿಡಿದುಕೊಂಡರು. "ಆವತ್ತು ನಿನ್ನ ಹೊರಗೆ ಹಾಕಿ ತಪ್ಪು ಮಾಡಿದೆ ಕಣಪ್ಪಾ. ಕ್ಷಮಿಸಿಬಿಡು."

ಟೈಲರ್ ಕಕ್ಕಾಬಿಕ್ಕಿಯಾದ. "ನನ್ನನ್ನಾ? ಹೊರಗೆ ಹೋದವನು ನಮ್ಮಣ್ಣ ಮೇಷ್ಟ್ರೇ, ನಾವಿಬ್ಬರೂ ಅವಳಿ. ಅವನು ಬೇಜಾರಾಗಿ ಲೈಬ್ರರೀಲಿ ಕೂತು ತಾನೇ ಓದ್ಕೊಂಡ. ಈಗ ಲೆಕ್ಕದ ಪ್ರೊಫೆಸರು, ಇವತ್ತು ಸಭೆಗೂ ಬರ್ತಾನೆ. ನಾನು ಒಳಗೇ ಇದ್ದೆ, ಮುಂದಿನ ಬೆಂಚು. ವರ್ಷವಿಡೀ ನಿಮ್ಮ ಪಾಠ ಒಂದೂ ಬಿಡದೆ ಕೇಳಿದ್ದೀನಿ!"